ದಿನಾ ಬರುವ ಹಕ್ಕಿ

ಶಿರಸಿಯಲ್ಲಿ ನಾವಿದ್ದ ಬಾಡಿಗೆ ಮನೆಯ ಬಚ್ಚಲ ನೀರು ಹಿತ್ತಲ ಬಸಳೆ ಚಪ್ಪರದ ಬುಡಕ್ಕೆ ಹರಿದು ಹೋಗುತ್ತಿತ್ತು. ಚಪ್ಪರದ ಪಕ್ಕದಲ್ಲೇ ಬಟ್ಟೆ ಒಣಹಾಕುವ ತಂತಿ. ಬೇಸಿಗೆಯ ಶುರುವಿನಲ್ಲಿ ನಮ್ಮನೆಯವರ ಬಿಳಿ ಪಂಚೆಯ ಮೇಲೆ ನೇರಳೆ ಬಣ್ಣದ ಕಲೆಗಳು ಕಾಣಿಸಿಕೊಂಡವು. ಎಷ್ಟು ಉಜ್ಜಿದರೂ ಹೋಗದಂಥವು. ಇದು ನಿನ್ನ ಬ್ಯಾಂಕಿನ ಸ್ಟಾಂಪ್ ಪ್ಯಾಡಿನ ಶಾಯಿಯೇ ಎಂದು ಅವರು ತೀರ್ಪು ಕೊಟ್ಟರು. ಒಂದು ಭಾನುವಾರ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಕಿಟಕಿಯಾಚೆ ನೋಡಿದರೆ ಕಳ್ಳ ಸಿಕ್ಕಿಬಿದ್ದ. ಬಸಳೆಯ ಮಾಗಿದ ಹಣ್ಣುಗಳನ್ನು ಒಂದೊಂದಾಗಿ ನುಂಗುವುದು, ಹಾರಿ ಬಂದು ತಂತಿಯ ಮೇಲೆ ಕೂರುವುದು, ಹಿಕ್ಕೆ ಹಾಕಿ ಮತ್ತೆ ಚಪ್ಪರಕ್ಕೆ ಹೋಗುವುದು. ತಲೆಯ ಮೇಲೆ ಚೂಪಾದ ಕಪ್ಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಮಚ್ಚೆ, ಬಾಲದ ಬುಡದಲ್ಲೂ ಅದೇ ಕೆಂಪು. ತೆಂಗಿನಕಾಯಿ ಹೋಳು ಕೈಯಲ್ಲೇ ಉಳಿಯಿತು.

ಮನೆ ಒಡತಿ ಹೆಗಡೆಯಮ್ಮ ಬೇಲಿಯಾಚೆಯಿಂದ ಕೇಳಿದರು, "ಎಂತ ನೋಡ್ತಾ ಇದ್ದೆ ತಂಗಿ?" ತೋರಿಸಿದೆ. "ಅದಾ? ಪಿಕಳಾರ. ದಿನಾ ಬತ್ತು. ಅದ್ನ ಎಂತ ನೋಡದು!"

ಕೆಮ್ಮೀಸೆ ಪಿಕಳಾರವನ್ನು ನಾನು ಅದಕ್ಕೂ ಮುಂಚೆ ನೂರಾರು ಸಲ ಕಂಡಿದ್ದಿರಬೇಕು. ಆದರೆ ಒಂದು ಹಕ್ಕಿ ಏನು ತಿನ್ನುತ್ತದೆ, ತಿಂದು ಎಲ್ಲಿ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೆ ಎಂದು ಕೂತು ನೋಡಿದ್ದು ಆವತ್ತೇ. ಮಳೆಗಾಲ ಬಂದಾಗ ಆ ತಂತಿಯ ಕೆಳಗಿನ ನೆಲದಲ್ಲಿ ಯಾರೂ ಬಿತ್ತದ ಬಸಳೆ ಸಸಿಗಳು ಸಾಲಾಗಿ ಎದ್ದವು. ಅಲ್ಲಿಗೆ ಹುಚ್ಚು ಪೂರ್ತಿ ಹಿಡಿಯಿತು.

ನಮ್ಮ ಶಾಖೆಯ ಕೃಷಿ ಸಾಲದ ಅಧಿಕಾರಿಯೊಬ್ಬರು ಇದನ್ನು ಕೇಳಿ ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕ ತಂದುಕೊಟ್ಟರು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಬಿದ್ದ ತೇಜಸ್ವಿ, ಪಕ್ಷಿಶಾಸ್ತ್ರವನ್ನು ಜಗಲಿಯ ಮಾತಿಗೆ ಇಳಿಸಿದವರು. ಆಮೇಲೆ ಸಲೀಂ ಅಲಿಯವರ ಪುಸ್ತಕವೂ ಬಂತು. 1941ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ಎಷ್ಟು ತಲೆಮಾರುಗಳಿಗೆ ಹಕ್ಕಿ ತೋರಿಸಿದೆಯೋ! ಬೋನಸ್ ಬಂದ ವರ್ಷ ದುರ್ಬೀನು ಕೊಂಡೆ. ಅಂಗಡಿಯವನು ದೊಡ್ಡದು ತೋರಿಸಿದರೂ ಬಲ್ಲವರ ಮಾತು ಕೇಳಿ 8x42 ಆರಿಸಿದೆ. ಎಂಟು ಪಟ್ಟು ದೊಡ್ಡದಾಗಿ ಕಾಣಿಸುತ್ತದೆ. ಮುಂದಿನ ಗಾಜು 42 ಮಿಲಿಮೀಟರ್ ಅಗಲವಿರುವುದರಿಂದ ಮುಂಜಾನೆಯ ಮಬ್ಬಿನಲ್ಲೂ ಬೆಳಕು ಸಾಕಷ್ಟು ಸಿಗುತ್ತದೆ. ಇನ್ನೂ ಹೆಚ್ಚು ಹಿಗ್ಗಿಸುವ ದುರ್ಬೀನಾದರೆ ಕೈ ನಡುಗಿದ್ದೆಲ್ಲ ಹಕ್ಕಿಯೇ ನಡುಗಿದಂತೆ ಕಾಣುತ್ತದೆ.

ಕೆಲಸಕ್ಕೆ ಹೋಗುವ ಹೆಂಗಸಿಗೆ ಕಾಡು ಸುತ್ತುವ ಬಿಡುವೆಲ್ಲಿ? ಕುಕ್ಕರ್ ಇಟ್ಟು ವಿಷಲ್ ಬರುವ ತನಕ, ಸಂಜೆ ಬಟ್ಟೆ ತೆಗೆಯುವ ಹೊತ್ತು, ಇಷ್ಟೇ ನನ್ನ ಪಾಲಿನ ಸಮಯ. ಒಂದೇ ಕಿಟಕಿ, ಒಂದೇ ಹಿತ್ತಲು. ಆದರೆ ಅದರಿಂದಲೇ ಒಂದು ಲಾಭವಾಯಿತು. ಚಳಿಗಾಲವಿಡೀ ಬೇಲಿಯಲ್ಲಿ ಚುರ್ ಚುರ್ ಎಂದು ಗೊಣಗುತ್ತಿದ್ದ ಮಡಿವಾಳ ಹಕ್ಕಿ, ಮಾವು ಹೂಬಿಟ್ಟ ಮೇಲೆ ಒಂದು ನಸುಕಿನಲ್ಲಿ ಟಿವಿ ಆಂಟೆನಾ ಏರಿ ಹಾಡತೊಡಗಿತು. ಎಂಥ ಹಾಡು! ಮೊನ್ನೆಯವರೆಗೆ ಗೊಣಗುತ್ತಿದ್ದುದು ಇದೇನಾ ಅನ್ನಿಸುವಷ್ಟು. ಗಂಡಿಗೆ ಗೂಡಿನ ಕಾಲ ಬಂದಾಗ ಮಾತ್ರ ಆ ಕಂಠ. ಪ್ರವಾಸಕ್ಕೆ ಬಂದು ಒಂದು ಬೆಳಿಗ್ಗೆ ನೋಡಿ ಹೋಗುವವರಿಗೆ ಎರಡರಲ್ಲಿ ಒಂದು ಮಾತ್ರ ಸಿಗುತ್ತದೆ.

ಶಿರಸಿಯವರಿಗೆ ಮಲೆ ಮಂಗಟ್ಟೆ ಎಂದರೆ ಹೆಚ್ಚೂಕಮ್ಮಿ ಕಾಗೆಯಿದ್ದ ಹಾಗೆ. ಆಲ, ಅತ್ತಿ ಹಣ್ಣಾದಾಗ ಬೀದಿ ಮರದಲ್ಲೇ ಕೂತು ಯಾರೋ ಗಹಗಹಿಸಿ ನಕ್ಕಂತೆ ಕೂಗುತ್ತಿತ್ತು. ಮೈಯೆಲ್ಲ ಬೂದು, ಉದ್ದ ಕೊಕ್ಕು. ದಾಂಡೇಲಿಗೆ ಜನ ನೋಡಲು ಹೋಗುವ ದೊಡ್ಡ ಮಂಗಟ್ಟೆಗಿರುವಂಥ ಕೊಂಬಿನ ಟೊಪ್ಪಿಗೆ ಇದಕ್ಕಿಲ್ಲ. ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಂಡುಬಿಡುತ್ತದೆ. ಬಿಟ್ಟ ಕಿರುಸೀಳಿನಿಂದ ಗಂಡು ವಾರಗಟ್ಟಲೆ ಹಣ್ಣು ಉಣಿಸುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಈ ಹಕ್ಕಿ ಇಲ್ಲ. ಅದನ್ನು ನೋಡಲೆಂದೇ ಕ್ಯಾಮೆರಾ ಹೊತ್ತು ವಿದೇಶದಿಂದ ಬಂದಿದ್ದವರು ನಮ್ಮ ಬೀದಿಯಲ್ಲಿ ನಿಂತು ಕತ್ತೆತ್ತಿದ್ದರೆ, ಹೆಗಡೆಯಮ್ಮ ಮಜ್ಜಿಗೆ ಕಡೆಯುತ್ತ, "ಇವಕ್ಕೆಲ್ಲ ಬೇರೆ ಕೆಲಸ ಇಲ್ಯಾ?" ಅಂದಿದ್ದರು.

ಗದಗಕ್ಕೆ ವರ್ಗವಾದಾಗ, ಇನ್ನು ನಿನ್ನ ಹಕ್ಕಿಗಳ ಕತೆ ಮುಗಿಯಿತು ಎಂದು ಸಹೋದ್ಯೋಗಿಗಳು ಸಂತಾಪ ಸೂಚಿಸಿ ಬೀಳ್ಕೊಟ್ಟರು. ಎರೆಭೂಮಿ, ಬಿಸಿಲು, ಕಣ್ಣು ಹಾಯುವಷ್ಟು ದೂರ ಜೋಳ, ಕಡಲೆ. ಮರವೇ ಇಲ್ಲದ ಮೇಲೆ ಹಕ್ಕಿ ಎಲ್ಲಿ ಕೂರಬೇಕು? ತಂತಿಯ ಮೇಲೆ. ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಸಾಕು, ತಂತಿಗಳ ಮೇಲೆ ಹಾಜರಿ ತೆಗೆದುಕೊಳ್ಳುತ್ತಾ ಹೋಗಬಹುದು. ಸೀಳುಬಾಲದ ಕಾಜಾಣ, ಹಸಿರು ಕಳ್ಳಿಪೀರ, ಅಲ್ಲೊಂದು ಇಲ್ಲೊಂದು ನೀಲಕಂಠ. ಕೂತಾಗ ಮಾಸಲು ಕಂದು, ಹಾರಿದರೆ ಎರಡು ಬಗೆಯ ನೀಲಿ. ಅದು ನಮ್ಮ ರಾಜ್ಯಪಕ್ಷಿ ಎಂದು ಎದುರಿನ ಸೀಟಿನ ಹುಡುಗನಿಗೆ ಹೇಳುವಷ್ಟರಲ್ಲಿ ಕಂಬ ಹಿಂದೆ ಹೋಗಿರುತ್ತಿತ್ತು. ಕ್ರಾಸಿಂಗ್‌ಗೆಂದು ರೈಲು ಬಯಲಲ್ಲಿ ನಿಂತಾಗ ಎಲ್ಲರೂ ಶಪಿಸುತ್ತಿದ್ದರೆ ನನಗೆ ಹಬ್ಬ. ಕಪ್ಪು ಹೊಟ್ಟೆಯ ನೆಲಗುಬ್ಬಿ ನೆಟ್ಟಗೆ ಮೇಲೇರಿ, ರೆಕ್ಕೆ ಮುಚ್ಚಿ ಕೆಳಗೆ ಬಿದ್ದು, ನೆಲ ಮುಟ್ಟುವ ಮುನ್ನ ಮತ್ತೆ ಏಳುವ ಆಟವನ್ನು ಪೂರ್ತಿಯಾಗಿ ಕಂಡದ್ದು ಅಂಥದೊಂದು ಕ್ರಾಸಿಂಗಿನಲ್ಲೇ.

ಆಮೇಲೆ ಮಾಗಡಿ ಕೆರೆ. ಬೆಂಗಳೂರಿನ ಪಕ್ಕದ ಮಾಗಡಿಯಲ್ಲ, ಶಿರಹಟ್ಟಿ ತಾಲ್ಲೂಕಿನದು. ಚಳಿಗಾಲದ ಒಂದು ರಜೆಯ ದಿನ ಬೆಳಗಾಗುವ ಮೊದಲೇ ಏರಿಯ ಮೇಲೆ ಹೋಗಿ ನಿಂತೆವು. ಕೆರೆ ಖಾಲಿ. ಚಳಿಗೆ ಶಾಲು ಹೊದ್ದ ನಮ್ಮನೆಯವರು ಗಡಿಯಾರ ನೋಡಿದರು. ಆಗ ದೂರದಿಂದ ಆಂಗ್, ಆಂಗ್ ಎಂಬ ಮೂಗಿನ ದನಿ. ಒಂದು ಸಾಲು, ಅದರ ಹಿಂದೆ ಇನ್ನೊಂದು, ಆಮೇಲೆ ಆಕಾಶದ ಯಾವ ಮೂಲೆ ನೋಡಿದರೂ ಸಾಲುಗಳೇ. ಪಟ್ಟೆತಲೆ ಹೆಬ್ಬಾತುಗಳು ಕಾಲು ಮುಂದೆ ಚಾಚಿ ನೀರಿಗೆ ಇಳಿಯುವಾಗ ಸರಸರ ಸದ್ದು ದಂಡೆಯವರೆಗೂ ಕೇಳುತ್ತಿತ್ತು. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಕಿತ್ತಳೆ ಬಣ್ಣದ ಕಾಲು.

ಇವು ಹಿಮಾಲಯದಾಚೆಯ ಬಾತುಗಳು. ಟಿಬೆಟ್ಟು, ಮಂಗೋಲಿಯಾದ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ದಕ್ಷಿಣಕ್ಕೆ ಹೊರಡುತ್ತವೆ. ಬೆನ್ನಿಗೆ ಯಂತ್ರ ಕಟ್ಟಿ ಬಿಟ್ಟಾಗ ಏಳು ಸಾವಿರ ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಆ ಎತ್ತರದ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ರಕ್ತ ಇವುಗಳದು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟವು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡದ್ದೂ ಉಂಟು. ಇದನ್ನೆಲ್ಲ ನಾನು ಗಂಡನಿಗೆ ವಿವರಿಸುತ್ತಿರುವಾಗ ಎತ್ತು ಹೊಡೆದುಕೊಂಡು ಬಂದ ರೈತರೊಬ್ಬರು ನಿಂತರು.

"ಏನ್ ನೋಡಾಕ ಬಂದೀರ್ರೀ ಅಕ್ಕಾರ? ಇವನ್ನಾ? ರಾತ್ರಿ ನಮ್ಮ ಹೊಲಾ ಮೇಯ್ತಾವು, ಹಗಲೊತ್ತು ಕೆರ್ಯಾಗ ಬಂದು ಮಕ್ಕೋತಾವು. ಚಲೋ ನೌಕರಿ ಐತಿ ನೋಡ್ರಿ ಅವಕ್ಕ!"

ನಾನು ನಕ್ಕೆ. ನಷ್ಟವಾಗುವುದಿಲ್ಲವೇ ಎಂದು ಕೇಳಿದೆ. "ಆಗ್ತೈತ್ರಿ. ಆದ್ರ ಕೆರ್ಯಾಗ ನೀರಿಲ್ಲಂದ್ರ ಅವು ಬರಂಗಿಲ್ಲ. ಅವು ಬರದ ವರ್ಷ ನಮ್ಮ ಹೊಲದಾಗ ಮೇಯಾಕರ ಏನಿರ್ತೈತಿ?" ಅಂದು ಎತ್ತಿನ ಬೆನ್ನು ತಟ್ಟಿ ಹೋದರು. ಆ ಕೆರೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಅವರ ಲೆಕ್ಕಾಚಾರ.

ನಮ್ಮನೆಯವರಿಗೆ ಪ್ರವಾಸವೆಂದರೆ ದೇವಸ್ಥಾನ, ಕೋಟೆ, ಊಟದ ಹೋಟೆಲ್ಲು, ಇವು ವೇಳಾಪಟ್ಟಿಯ ಪ್ರಕಾರ ನಡೆಯಬೇಕು. ಹಂಪಿಯಲ್ಲಿ ಅವರು ಕಲ್ಲಿನ ರಥದ ಮುಂದೆ ಗೈಡಿನ ಮಾತು ಕೇಳಿದ ಮಾರನೆಯ ಬೆಳಿಗ್ಗೆ ನಾನು ಅವರನ್ನು ಬಂಡೆಗಳ ಕಡೆ ಎಳೆದೊಯ್ದೆ. "ರೀ, ಹತ್ತೇ ನಿಮಿಷ." "ನಿನ್ನ ಹತ್ತು ನಿಮಿಷ ನನಗೆ ಗೊತ್ತಿಲ್ವಾ?" ಬಂಡೆಯ ಸಂದಿಯಲ್ಲಿ ಬೆಳೆದ ಪೊದೆಯಿಂದ ಗುರುತಿನ ದನಿ ಬಂತು, ಪಿಕಳಾರದ್ದೇ, ಆದರೆ ತುಸು ಬೇರೆ. ಹಳದಿ ಕೊರಳಿನ ಪಿಕಳಾರ! ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆ ಕಡೆ ಕಾಣಸಿಗದ ಹಕ್ಕಿ. ಬಂಡೆ ಒಡೆದು ಕಲ್ಲು ಮಾರಿದ ಕಡೆಯೆಲ್ಲ ಅದಕ್ಕೆ ಜಾಗ ಕಮ್ಮಿಯಾಗುತ್ತಿದೆ. ಹಿತ್ತಲಲ್ಲಿ ಪಿಕಳಾರದ ಮಾತು ದಿನಾ ಕೇಳಿರದಿದ್ದರೆ ಆ ಸಣ್ಣ ವ್ಯತ್ಯಾಸ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಊರಲ್ಲಿ ಕಲಿತದ್ದನ್ನು ಪರವೂರಿನಲ್ಲಿ ಖರ್ಚು ಮಾಡುವುದು ಎಂದರೆ ಇದೇ ಇರಬೇಕು.

ಮಗಳ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿಗೆ ಹೋದದ್ದು ನಿವೃತ್ತಿಯ ನಂತರ. ಅಲ್ಲಿ ನಮ್ಮ ವಯಸ್ಸಿನ ಅಪ್ಪ ಅಮ್ಮಂದಿರು ಪಡುವ ಪಾಡು ಎಲ್ಲರಿಗೂ ಗೊತ್ತಿದ್ದದ್ದೇ: ಕಾರು ಓಡಿಸಲು ಬರುವುದಿಲ್ಲ, ನಡೆದು ಹೋಗಲು ಅಂಗಡಿಯಿಲ್ಲ, ಮಾತಿಗೆ ಬೀದಿಯಲ್ಲಿ ಜನರಿಲ್ಲ. ಆದರೆ ಅಡುಗೆಮನೆಗೆ ಕಿಟಕಿ ಇತ್ತು. ಅಳಿಯ ಹಿತ್ತಲಲ್ಲಿ ಕಾಳು ತುಂಬುವ ಗೂಡೊಂದನ್ನು ನೇತುಹಾಕಿಕೊಟ್ಟ. ಹಿಮ ಬಿದ್ದ ಬೆಳಿಗ್ಗೆ ಎಲೆಯುದುರಿದ ಕೊಂಬೆಯ ಮೇಲೆ ಕಾರ್ಡಿನಲ್ ಬಂದು ಕೂತಿತು. ಗಂಡು, ಜುಟ್ಟಿನಿಂದ ಬಾಲದವರೆಗೆ ಕುಂಕುಮ ಕೆಂಪು, ಕೊಕ್ಕಿನ ಸುತ್ತ ಮಾತ್ರ ಕಪ್ಪು. ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ. ಮಗಳು ಬಂದು ಒಲೆ ಆರಿಸಿ, "ಅಮ್ಮಾ, ಅದು ದಿನಾ ಬರುತ್ತೆ" ಅಂದಳು. ಹೆಗಡೆಯಮ್ಮನ ದನಿಯನ್ನು ಅಟ್ಲಾಂಟಿಕ್‌ನಾಚೆ ಕೇಳುತ್ತೇನೆಂದು ನಾನು ಎಣಿಸಿರಲಿಲ್ಲ.

ಅಲ್ಲಿಯ ದೊಡ್ಡ ಅಚ್ಚರಿ ಬೇರೆಯೇ ಇತ್ತು. ದಿನಸಿ ಅಂಗಡಿಯ ಕಾರು ನಿಲ್ಲಿಸುವ ಜಾಗದಲ್ಲಿ ಗುಬ್ಬಚ್ಚಿಗಳು! ಗಂಡಿನ ಕೊರಳಲ್ಲಿ ಅದೇ ಕಪ್ಪು ಕರವಸ್ತ್ರ, ಅದೇ ಚಿಲಿಪಿಲಿ ಜಗಳ. ನನ್ನ ಬಾಲ್ಯದ ಮನೆಯಲ್ಲಿ ದೇವರ ಪಟದ ಹಿಂದೆ ಗೂಡು ಕಟ್ಟುತ್ತಿದ್ದ, ಬೆಂಗಳೂರಿನ ತಂಗಿಯ ಬಡಾವಣೆಯಲ್ಲಿ ಹುಡುಕಿದರೂ ಸಿಗದ ಗುಬ್ಬಚ್ಚಿ. 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಿಂದ ತರಿಸಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಿಟ್ಟವುಗಳ ಸಂತಾನ ದೇಶ ತುಂಬಾ ಹರಡಿತು. ಅದೇ ರೀತಿ 1890ರಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಯುಜೀನ್ ಶೀಫೆಲಿನ್ ಎಂಬಾತ ಬಿಡಿಸಿದ ಕಬ್ಬಕ್ಕಿಗಳು, ನಮ್ಮ ಗೊರವಂಕದ ಸೋದರಸಂಬಂಧಿಗಳು, ಹುಲ್ಲುಹಾಸಿನ ಮೇಲೆ ಗೊರವಂಕದ್ದೇ ಠೀವಿಯಲ್ಲಿ ಓಡಾಡುತ್ತಿದ್ದವು. ಅಲ್ಲಿಯ ಹಕ್ಕಿಪ್ರಿಯರಿಗೆ ಇವೆರಡರ ಮೇಲೂ ಸಿಟ್ಟು; ಸ್ಥಳೀಯ ಹಕ್ಕಿಗಳ ಪೊಟರೆಗಳನ್ನು ಕಸಿದುಕೊಳ್ಳುತ್ತವೆ. ಸಿಟ್ಟು ನ್ಯಾಯವಾದದ್ದೇ. ಆದರೂ ಗುಬ್ಬಚ್ಚಿ ಕಂಡಾಗ ನಾನು ಗಾಡಿ ತಳ್ಳುವುದನ್ನು ಬಿಟ್ಟು ನಿಂತುಬಿಡುತ್ತಿದ್ದೆ.

ಕೆರೆಯ ದಂಡೆಯಲ್ಲಿ, ಕಚೇರಿಗಳ ಮುಂದಿನ ಹುಲ್ಲಿನಲ್ಲಿ ಕೆನಡಾ ಹೆಬ್ಬಾತುಗಳ ದಂಡು. ಕಪ್ಪು ಕತ್ತು, ಗದ್ದಕ್ಕೆ ಕಟ್ಟಿದಂಥ ಬಿಳಿ ಪಟ್ಟಿ. ನಾನು ದುರ್ಬೀನು ಎತ್ತಿದ್ದನ್ನು ಕಂಡು ನಾಯಿಯೊಂದಿಗೆ ಬಂದ ನೆರೆಯ ಅಜ್ಜ ಬೆರಗಾದರು. ಇವನ್ನೂ ನೋಡುತ್ತಾರೆಯೇ? ದಾರಿ ತುಂಬ ಗಲೀಜು ಮಾಡುತ್ತವೆ, ಓಡಿಸಲು ಏನೆಲ್ಲ ಮಾಡಿದರೂ ಹೋಗುವುದಿಲ್ಲ ಎಂದು ಉದ್ದನೆಯ ದೂರು ಹೇಳಿದರು. ಅವರಿಗೆ ಮಾಗಡಿ ಕೆರೆಯ ರೈತರ ಮಾತನ್ನು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ನಾಯಿ ಎಳೆಯುತ್ತಿದ್ದರೂ ಅವರು ನಿಂತು ಕೇಳಿದರು. ಮಾರನೆಯ ದಿನ ಅವರೇ ಬೇಲಿ ಬಳಿ ಬಂದು, ತಮ್ಮ ಮರದಲ್ಲಿ ಕುಟ್ಟುತ್ತಿರುವ ಪುಟ್ಟ ಮರಕುಟಿಗವೊಂದನ್ನು ತೋರಿಸಿದರು. ಕೊನೆಗೂ ಬೀದಿಯಲ್ಲಿ ಮಾತಿಗೊಬ್ಬರು ಸಿಕ್ಕರಲ್ಲ ಎಂದು ನಮ್ಮನೆಯವರಿಗೂ ಸಮಾಧಾನ.

ಮೈಸೂರಿನ ನಮ್ಮ ಮನೆಗೆ ಮರಳಿದ್ದು ಏಪ್ರಿಲ್‌ನಲ್ಲಿ. ಜೆಟ್ ಲ್ಯಾಗ್ ಎಂಬ ಶಾಪದಿಂದ ರಾತ್ರಿ ಮೂರಕ್ಕೇ ಎಚ್ಚರ. ಕಾಫಿ ಹಿಡಿದು ಮಹಡಿಯ ಮೇಲೆ ಕೂತರೆ ಬೆಳಗು ಹೇಗೆ ಆಗುತ್ತದೆಂದು ಕಿವಿಯಲ್ಲೇ ತಿಳಿಯಿತು. ಇನ್ನೂ ಕತ್ತಲಿರುವಾಗಲೇ ಕೋಗಿಲೆ. ಗಂಡಿನ ಕುಹೂ ಏರುತ್ತ ಹೋದರೆ ಹೆಣ್ಣಿನದು ಅವಸರದ ಕಿಕ್ ಕಿಕ್ ಕಿಕ್. ಅದರ ಹಿಂದೆ ಮಡಿವಾಳ. ಆಮೇಲೆ ಕಾಗೆ. ಅರೆಬೆಳಕಿಗೆ ಪಿಕಳಾರ. ಬಿಸಿಲು ಮರದ ನೆತ್ತಿ ಮುಟ್ಟಿದ ಮೇಲೆ, ತಾಮ್ರ ಬಡಿದಂತೆ ಟುಕ್ ಟುಕ್ ಎನ್ನುವ ಚಿಟ್ಟುಕುಟುರ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಈ ಸರದಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಲು ಅಮೆರಿಕಕ್ಕೆ ಹೋಗಿ ನಿದ್ದೆ ಕೆಡಿಸಿಕೊಳ್ಳಬೇಕಾಯಿತು.

ನಮ್ಮ ಗೇಟಿನ ಬಳಿ ಯಾರೂ ನೆಡದ ಒಂದು ಗಸಗಸೆ ಹಣ್ಣಿನ ಮರವಿದೆ. ವರ್ಷವಿಡೀ ಹಣ್ಣು, ವರ್ಷವಿಡೀ ಗಿರಾಕಿ. ಬದನಿಕೆ ಹಕ್ಕಿ ಅದರ ಕಾಯಂ ಗಿರಾಕಿ. ಹೆಬ್ಬೆರಳಷ್ಟು ದೇಹ, ಚಿಕ್ ಚಿಕ್ ಎಂಬ ದನಿ ಮಾತ್ರ ಇಡೀ ಬೀದಿಗೆ. ಮಾವಿನ ಮರಕ್ಕೆ ಬಂದಳಿಕೆ ಹತ್ತಿಸುವುದೂ ಇದೇ: ಬಂದಳಿಕೆಯ ಹಣ್ಣು ತಿಂದರೆ ಬೀಜ ಎಷ್ಟು ಅಂಟೆಂದರೆ, ಹಕ್ಕಿ ತನ್ನ ಹಿಂಭಾಗವನ್ನು ಕೊಂಬೆಗೆ ತೀಡಿ ಅದನ್ನು ಬಿಡಿಸಿಕೊಳ್ಳಬೇಕು. ಬೀಜ ಅಲ್ಲೇ ಅಂಟಿ ಬೇರೂರುತ್ತದೆ. ಪಕ್ಕದ ಮನೆಯವರು ವರ್ಷಕ್ಕೊಮ್ಮೆ ಬಂದಳಿಕೆ ಕಡಿಸುತ್ತಾರೆ, ಹಕ್ಕಿ ವರ್ಷವಿಡೀ ಹತ್ತಿಸುತ್ತದೆ.

ಕಳೆದ ಬೇಸಿಗೆಯಲ್ಲಿ ವರಾಂಡದ ದೀಪದ ವೈರಿಗೆ ಸೂರಕ್ಕಿ ಗೂಡು ಕಟ್ಟಿತು. ಕಟ್ಟಿದ್ದೆಲ್ಲ ಹೆಣ್ಣು. ಜೇಡನ ಬಲೆಯ ಎಳೆಯನ್ನು ಕೊಕ್ಕಿನಲ್ಲಿ ಸುತ್ತಿ ತರುವುದು, ನಾರು, ತೊಗಟೆಯ ಚೂರು, ಕಂಬಳಿಹುಳದ ಹಿಕ್ಕೆಯ ಕಾಳುಗಳನ್ನು ಅದರಿಂದ ಅಂಟಿಸುವುದು. ದೂರದಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ. ಬಾಗಿಲ ಮೇಲೆ ಮಾತ್ರ ಒಂದು ಸಣ್ಣ ಸೂರು, ಮಳೆ ಒಳಗೆ ಬೀಳದ ಹಾಗೆ. ಕಾವು ಕೂತಾಗ ಆ ಸೂರಿನ ಕೆಳಗಿಂದ ಬಾಗಿದ ಕೊಕ್ಕೊಂದು ಹೊರಗೆ ಚಾಚಿರುತ್ತಿತ್ತು. ಗಂಡು ಎದುರಿನ ದಾಸವಾಳದಲ್ಲಿ ಹೊಳೆಯುವ ನೆತ್ತಿ ತೋರಿಸುತ್ತ ಮೆರೆದದ್ದೇ ಹೆಚ್ಚು. ಮರಿ ಒಡೆದ ಮೇಲೆ ಅದೂ ಹುಳ ಹೊತ್ತು ಓಡಾಡಿತು.

ಈ ದಿನಗಳಲ್ಲಿ ನಮ್ಮನೆಯ ಕಾನೂನುಗಳೆಲ್ಲ ಬದಲಾದವು. ವರಾಂಡದ ದೀಪ ಹಾಕುವಂತಿಲ್ಲ. ಪೇಪರ್ ಹುಡುಗ ಕಾಂಪೌಂಡಿನ ಆಚೆಯಿಂದ ಎಸೆಯುವಂತಿಲ್ಲ, ಗೇಟಿಗೆ ಸಿಕ್ಕಿಸಿ ಹೋಗಬೇಕು. ಬಂದ ನೆಂಟರು ಹಿಂಬಾಗಿಲಿನಿಂದ. ಈ ಆಜ್ಞೆಗಳನ್ನು ಹೊರಡಿಸಿದವರು ವೇಳಾಪಟ್ಟಿಯ ನಮ್ಮನೆಯವರೇ. ಒಂದು ಬೆಳಿಗ್ಗೆ ಮರಿಗಳು ಹಾರಿ ಗೂಡು ಬರಿದಾದಾಗ, "ಹೇಳದೇ ಹೋದವಲ್ಲೇ" ಎಂದು ಅವರು ಸಂಜೆವರೆಗೂ ಗೊಣಗಿದರು.

ಅಡುಗೆಮನೆಯ ಗೋಡೆಯ ಒಂಟಿಕೊಪ್ಪಲ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನದ ಜೊತೆಗೆ ನನ್ನ ಟಿಪ್ಪಣಿಗಳೂ ಇರುತ್ತವೆ. ಸೆಪ್ಟೆಂಬರಿನಲ್ಲಿ ಎಲ್ಲೋ ಒಂದು ಕಡೆ "ಸಿಪಿಲೆ ಬಂತು" ಎಂದಿರುತ್ತದೆ. ಹಿಮಾಲಯದ ಕಡೆಯಿಂದ ಬರುವ ಬೂದು ಸಿಪಿಲೆ ಮಹಡಿಯ ನೀರಿನ ಟ್ಯಾಂಕಿನ ಸುತ್ತ ಬಾಲ ಕುಣಿಸುತ್ತ ಓಡಾಡುವುದು ಕಂಡರೆ ಮಳೆ ಹಿಂದೆಗೆಯುವ ಕಾಲ ಬಂತೆಂದು ಲೆಕ್ಕ. ಫೆಬ್ರವರಿಯ ಪುಟದಲ್ಲಿ ನಾಲ್ಕು ದಿನಗಳಿಗೆ ಸುತ್ತು ಹಾಕಿರುತ್ತೇನೆ. ಲೋಕದ ಎಲ್ಲೆಡೆ ಜನ ತಮ್ಮ ಹಿತ್ತಲ ಹಕ್ಕಿ ಎಣಿಸುವ ದಿನಗಳವು. ಕನಿಷ್ಠ ಹದಿನೈದು ನಿಮಿಷ ಕೂತು ಕಂಡದ್ದನ್ನು ಮೊಬೈಲಿನಲ್ಲಿ ಬರೆದರಾಯಿತು. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗೆ ಆಧಾರವಾದದ್ದು ಹೀಗೆ ಸುಮಾರು ಮೂವತ್ತು ಸಾವಿರ ಜನ ಬರೆದಿಟ್ಟ ಮೂರು ಕೋಟಿ ದಾಖಲೆಗಳು. ಅಪರೂಪದ ಹಕ್ಕಿಯನ್ನು ಎಲ್ಲರೂ ಬರೆಯುತ್ತಾರೆ. ಕಾಗೆ, ಗೊರವಂಕ, ಪಿಕಳಾರ ಎಂದು ವರ್ಷ ವರ್ಷವೂ ಬೇಸರವಿಲ್ಲದೆ ಬರೆದವರಿಂದಲೇ ಯಾವುದು ಕಮ್ಮಿಯಾಗುತ್ತಿದೆ ಎಂಬುದು ತಿಳಿಯುವುದು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈಗೆ ಈ ಕೆಲಸ ಹೊಸದಲ್ಲ.

ಈ ಜೂನಿಗೆ ಲಡಾಖಿಗೆ ಟಿಕೆಟ್ ಮಾಡಿಸಿದ್ದೇವೆ. ತ್ಸೋ ಮೊರಿರಿ ಸರೋವರದ ದಂಡೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುತ್ತವಂತೆ; ಈ ಸಲ ವೇಳಾಪಟ್ಟಿಯಲ್ಲಿ ಅದನ್ನು ಮೊದಲ ಸಾಲಿಗೆ ಬರೆದವರು ನಮ್ಮನೆಯವರು. ಅಷ್ಟು ಎತ್ತರದಲ್ಲಿ ಉಸಿರು ಸಾಕಾದೀತೇ ಎಂದು ಡಾಕ್ಟರನ್ನು ಕೇಳಿಯೂ ಬಂದಿದ್ದಾರೆ. ಅಲ್ಲಿ ಕುರಿ ಮೇಯಿಸುವ ಯಾರಾದರೂ ನಮ್ಮನ್ನು ಕಂಡು, ಇವನ್ನೇನು ನೋಡುತ್ತೀರಿ, ಬೇಸಿಗೆಯಲ್ಲಿ ದಿನಾ ಇರುತ್ತವಲ್ಲ ಎಂದು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ನಮ್ಮನೆಯವರು ಈಗಲೇ ಸಿದ್ಧ ಮಾಡಿಟ್ಟುಕೊಂಡಿದ್ದಾರೆ: "ಚಳಿಗಾಲದಲ್ಲಿ ಗದಗದ ಕಡಲೆ ಹೊಲ ಮೇಯ್ದು ಬಂದಿವೆ. ಕ್ಷೇಮವಾಗಿ ತಲುಪಿದವೋ ಇಲ್ಲವೋ ನೋಡಿಕೊಂಡು ಹೋಗೋಣ ಅಂತ ಬಂದ್ವಿ."